ಏನು ಬೇಕೋ ಅಷ್ಟು ಹೇಳಿ, ಸಾಕು

ತನ್ನ ಮ್ಯಾನೇಜರಿಗಿಂತ ಹೆಚ್ಚು ಸಂಬಳ ಎಣಿಸುವ ನೌಕರರು ಯಾರ್ಯಾರು?

ಯಾವ ಕಚೇರಿಯ ಕ್ಯಾಂಟೀನಿನಲ್ಲಾದರೂ ಕಿವಿಗೆ ಬೀಳಬಹುದಾದ ಪ್ರಶ್ನೆ. ಆದರೆ 1970ರ ದಶಕದ ಆರಂಭದಲ್ಲಿ ಇದನ್ನು ಕಂಪ್ಯೂಟರಿಗೆ ಕೇಳಬೇಕೆಂದರೆ ಪಳಗಿದ ಪ್ರೋಗ್ರಾಮರ್ ಒಬ್ಬ ಕೂತು ಪುಟಗಟ್ಟಲೆ ಬರೆಯಬೇಕಿತ್ತು. ನೌಕರನ ದಾಖಲೆ ಹಿಡಿ, ಅವನ ವಿಭಾಗಕ್ಕೆ ಹೋಗುವ ಕೊಂಡಿ ಹುಡುಕು, ಅಲ್ಲಿಂದ ಮ್ಯಾನೇಜರ್ ದಾಖಲೆಗೆ ದಾಟು, ಸಂಬಳ ಓದಿಕೋ, ಬಂದ ದಾರಿಯಲ್ಲೇ ವಾಪಸು ಬಾ, ಮುಂದಿನ ನೌಕರನನ್ನು ಹಿಡಿ. ನ್ಯೂಯಾರ್ಕ್ ರಾಜ್ಯದ ಯಾರ್ಕ್‌ಟೌನ್ ಹೈಟ್ಸ್‌ನಲ್ಲಿದ್ದ ಐಬಿಎಂ ಪ್ರಯೋಗಾಲಯದಲ್ಲಿ ಡಾನ್ ಚೇಂಬರ್ಲಿನ್ ಈ ಅಲೆದಾಟದ ವಿದ್ಯೆಯನ್ನೇ ಶ್ರದ್ಧೆಯಿಂದ ಕಲಿಯುತ್ತಿದ್ದರು. 1972ರಲ್ಲಿ ಅಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ಕ್ಯಾಲಿಫೋರ್ನಿಯಾದಿಂದ ಬಂದಿದ್ದ ಟೆಡ್ ಕಾಡ್ ಇಂಥವೇ ಕ್ಲಿಷ್ಟ ಪ್ರಶ್ನೆಗಳನ್ನು ಒಂದೊಂದು ಸಾಲಿನಲ್ಲಿ ಬರೆದು ತೋರಿಸಿದರು. ಒಂದೊಂದಕ್ಕೂ ತಾನಾದರೆ ಐದು ಪುಟ ಬರೆಯುತ್ತಿದ್ದೆನೆಂದು ಚೇಂಬರ್ಲಿನ್‌ಗೆ ಹೊಳೆಯಿತು. ತನ್ನ ಮನಸ್ಸು ತಿರುಗಿದ್ದು ಅಲ್ಲೇ ಎಂದು ಅವರು ಮುಂದೆ ನೆನೆದಿದ್ದಾರೆ.

ಎಂ.ಟೆಕ್. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳ ಡೇಟಾಬೇಸ್ ತರಗತಿಗಳ ಓದಿನ ಪಟ್ಟಿಯಲ್ಲಿ ಇವತ್ತಿಗೂ 1976, 1979, 1992ರ ಪ್ರಬಂಧಗಳು ಕೂತಿರುತ್ತವೆ. ಐದು ವರ್ಷದ ಹಿಂದಿನ ಪುಸ್ತಕ ಹಳತಾಗುವ ಶಾಸ್ತ್ರದಲ್ಲಿ ಇದು ವಿಚಿತ್ರ. ಆ ಪ್ರಬಂಧಗಳನ್ನು ಬಿಡಿಬಿಡಿಯಾಗಿ ಓದಿದರೆ ಒಂದು ಬೀಗದ ಬಗ್ಗೆ, ಇನ್ನೊಂದು ಲೆಕ್ಕಾಚಾರದ ಬಗ್ಗೆ, ಮತ್ತೊಂದು ಕರೆಂಟು ಹೋದರೆ ಏನು ಗತಿ ಎಂಬುದರ ಬಗ್ಗೆ ಎನಿಸುತ್ತದೆ. ಸಾಲಾಗಿಟ್ಟು ಓದಿದರೆ ಅವೆಲ್ಲ ಒಂದೇ ಸಾಲದ ಕಂತುಗಳು. ಸಾಲ ಮಾಡಿದವರು ಕಾಡ್. ಏನು ಬೇಕೋ ಅಷ್ಟು ಹೇಳಿ, ಅದನ್ನು ಹೇಗೆ ತರಬೇಕೆಂಬುದು ಯಂತ್ರದ ಚಿಂತೆ ಎಂದು ಅವರು ಜಗತ್ತಿಗೆ ಮಾತು ಕೊಟ್ಟರು. ತೀರಿಸುವ ಹೊಣೆ ಬೇರೆಯವರ ಮೇಲೆ ಬಿತ್ತು.

ಎಡ್ಗರ್ ಫ್ರಾಂಕ್ (ಟೆಡ್) ಕಾಡ್ ಹುಟ್ಟಿದ್ದು 1923ರಲ್ಲಿ, ಇಂಗ್ಲೆಂಡಿನ ಪೋರ್ಟ್‌ಲೆಂಡ್ ದ್ವೀಪದಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಗಣಿತ, ರಸಾಯನಶಾಸ್ತ್ರ ಓದಿದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ ಪೈಲಟ್ ಆಗಿದ್ದರು. 1948ರಲ್ಲಿ ನ್ಯೂಯಾರ್ಕಿಗೆ ಬಂದು ಐಬಿಎಂ ಸೇರಿದವರು, ಸೆನೆಟರ್ ಮೆಕಾರ್ಥಿಯ ಕಮ್ಯುನಿಸ್ಟ್ ಬೇಟೆಯ ಅಬ್ಬರ ಸಹಿಸಲಾಗದೆ 1953ರಲ್ಲಿ ಕೆನಡಾಕ್ಕೆ ಹೊರಟುಹೋದರು, ಕೆಲವು ವರ್ಷ ಬಿಟ್ಟು ಹಿಂದಿರುಗಿದರು. ನಲವತ್ತು ದಾಟಿದ ಮೇಲೆ, 1965ರಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್. ಆಮೇಲೆ ಸ್ಯಾನ್ ಹೋಸೆಯ ಐಬಿಎಂ ಪ್ರಯೋಗಾಲಯ. 1969ರಲ್ಲಿ ಕಂಪನಿಯ ಒಳಗಿನ ವರದಿಯಾಗಿ, 1970ರ ಜೂನಿನಲ್ಲಿ ಎಸಿಎಂ ಪತ್ರಿಕೆಯ ಲೇಖನವಾಗಿ ಅವರ ರಿಲೇಶನಲ್ ಮಾದರಿ ಹೊರಬಂತು.

ಆಗ ಚಾಲ್ತಿಯಲ್ಲಿದ್ದದ್ದು ಏನು? ಐಬಿಎಂನದೇ ಐಎಂಎಸ್ ಇತ್ತು. ಅಪೊಲೊ ಚಂದ್ರಯಾನದ ಲಕ್ಷಾಂತರ ಬಿಡಿಭಾಗಗಳ ಲೆಕ್ಕ ಇಡಲು ರಾಕ್‌ವೆಲ್ ಕಂಪನಿಯ ಜೊತೆ ಸೇರಿ ಕಟ್ಟಿದ್ದು. 1968ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಡೌನಿಯಲ್ಲಿ ಮೊದಲ ಬಾರಿ ಸಿದ್ಧ ಎಂದು ಸಂದೇಶ ತೋರಿಸಿತು. ಅದರಲ್ಲಿ ದಾಖಲೆಗಳೆಲ್ಲ ವಂಶವೃಕ್ಷದಂತೆ: ಯಂತ್ರದ ಕೆಳಗೆ ಭಾಗ, ಭಾಗದ ಕೆಳಗೆ ಉಪಭಾಗ. ಒಂದೇ ತಿರುಪು ಎರಡು ಯಂತ್ರಗಳಿಗೆ ಬೇಕಾದರೆ ಅದು ಯಾರ ಮನೆಯ ಕೂಸು ಎಂಬ ಪೇಚು ಶುರು. ಇನ್ನೊಂದು ಕಡೆ ಜನರಲ್ ಎಲೆಕ್ಟ್ರಿಕ್‌ನ ಚಾರ್ಲ್ಸ್ ಬಾಕ್‌ಮನ್ 1960ರ ದಶಕದ ಮೊದಲ ಭಾಗದಲ್ಲೇ ಐಡಿಎಸ್ ಕಟ್ಟಿದ್ದರು. ಅಲ್ಲಿ ವೃಕ್ಷದ ಬದಲು ಬಲೆ. ದಾಖಲೆಯಿಂದ ದಾಖಲೆಗೆ ಕೊಂಡಿಗಳು. 1973ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ಬಾಕ್‌ಮನ್ ತಮ್ಮ ಉಪನ್ಯಾಸದಲ್ಲಿ ಪ್ರೋಗ್ರಾಮರನನ್ನು ನಾವಿಕನಿಗೆ ಹೋಲಿಸಿದರು. ಹೆಮ್ಮೆಯ ಹೋಲಿಕೆಯೇ ಅದು. ದತ್ತಾಂಶದ ಕಡಲಿನಲ್ಲಿ ದಾರಿ ಬಲ್ಲವನು ಅವನೊಬ್ಬನೇ.

ಕಾಡ್‌ಗೆ ಬೇಡವಾಗಿದ್ದದ್ದು ಆ ನಾವಿಕನೇ. ಭಾಗಗಳು ಮತ್ತು ಯೋಜನೆಗಳ ಒಂದು ಸರಳ ಉದಾಹರಣೆ ತೆಗೆದುಕೊಂಡು ಅದನ್ನು ಐದು ವಿಧದಲ್ಲಿ ಜೋಡಿಸಬಹುದೆಂದು ತೋರಿಸಿ, ಒಂದು ಜೋಡಣೆಗೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ಹೇಗೆ ಕೈಕೊಡುತ್ತದೆ ಎಂದು ವಿವರಿಸಿದರು. ದಾಖಲೆಗಳ ಅನುಕ್ರಮ ಬದಲಾದರೆ ಪ್ರೋಗ್ರಾಂ ಕೆಡುತ್ತದೆ, ಇಂಡೆಕ್ಸ್ ತೆಗೆದರೆ ಕೆಡುತ್ತದೆ, ಕೊಂಡಿಯ ದಾರಿ ಬದಲಾದರೆ ಕೆಡುತ್ತದೆ. ಹಾಗಾಗಿ ಬಳಸುವವರ ಕಣ್ಣಿಗೆ ಬರೀ ಕೋಷ್ಟಕಗಳಿರಲಿ, ಸಾಲು ಮತ್ತು ಕಾಲಂ. ಒಳಗಿನ ದಾರಿಗಳು ಕಾಣದಿರಲಿ ಎಂದರು.

1974ರ ಮೇ ತಿಂಗಳಲ್ಲಿ ಮಿಷಿಗನ್ನಿನ ಆನ್ ಆರ್ಬರ್‌ನಲ್ಲಿ ಬಾಕ್‌ಮನ್ ಮತ್ತು ಕಾಡ್ ಎದುರುಬದುರಾದರು. ಒಂದು ಕಡೆಯವರು ಹೇಳಿದ್ದು: ಇದು ಗಣಿತಜ್ಞರ ಆಟ, ಕೋಬಾಲ್ ಬರೆಯುವವರಿಗೆ ಅರ್ಥವಾಗದು, ಅರ್ಥವಾದರೂ ಇದನ್ನು ವೇಗವಾಗಿ ಓಡಿಸಲು ಸಾಧ್ಯವೇ ಇಲ್ಲ. ಇನ್ನೊಂದು ಕಡೆಯವರದು: ನಿಮ್ಮ ಕೊಂಡಿಗಳ ಜಾಲ ನಿಮಗೇ ಬಿಡಿಸಲು ಬರುವುದಿಲ್ಲ. ಚರ್ಚೆಯಲ್ಲಿ ಯಾರೂ ಗೆಲ್ಲಲಿಲ್ಲ. ಇಂಥವು ಚರ್ಚೆಯಲ್ಲಿ ತೀರ್ಮಾನವಾಗುವುದೂ ಇಲ್ಲ, ಕಟ್ಟಿ ತೋರಿಸಬೇಕು. ಬಾಕ್‌ಮನ್ ಪಕ್ಷದ ಕೊನೆಯ ಆಕ್ಷೇಪ ಮಾತ್ರ ನ್ಯಾಯವಾದದ್ದೇ ಆಗಿತ್ತು ಎಂದು ನನಗನಿಸುತ್ತದೆ. ದಾರಿ ಬಲ್ಲವನನ್ನು ಹಡಗಿನಿಂದ ಇಳಿಸಿದಿರಿ, ಸರಿ. ಚುಕ್ಕಾಣಿ ಯಾರ ಕೈಯಲ್ಲಿ?

ಅದೇ ಆನ್ ಆರ್ಬರ್ ಸಭೆಯಲ್ಲಿ ಸದ್ದಿಲ್ಲದೆ ಇನ್ನೊಂದು ಪ್ರಬಂಧ ಮಂಡನೆಯಾಯಿತು. ಚೇಂಬರ್ಲಿನ್ ಮತ್ತು ಗೆಳೆಯ ರೇ ಬಾಯ್ಸ್ ಅಷ್ಟರಲ್ಲಿ ಸ್ಯಾನ್ ಹೋಸೆಗೆ ಬಂದಿದ್ದರು. ಕಾಡ್ ಅವರ ಸಂಕೇತಗಳು ಸುಂದರ, ಆದರೆ ಗುಮಾಸ್ತೆಯೊಬ್ಬ ಟೈಪು ಮಾಡುವಂಥವಲ್ಲ. ಗೆಳೆಯರಿಬ್ಬರೂ ಮೊದಲು ರೂಪಿಸಿದ ಭಾಷೆಯಲ್ಲೂ ಅಕ್ಷರಗಳ ಬುಡದಲ್ಲಿ ಪುಟ್ಟ ಅಕ್ಷರಗಳು ಕೂರಬೇಕಿದ್ದವು. ಕೀಲಿಮಣೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಎರಡನೆಯದು ಇಂಗ್ಲಿಷ್ ವಾಕ್ಯದಂತೆ ಓದಿಕೊಂಡು ಹೋಗುವ ಸೀಕ್ವೆಲ್. ಆ ಹೆಸರು ಬ್ರಿಟನ್ನಿನ ವಿಮಾನ ಕಂಪನಿಯೊಂದರ ಸ್ವತ್ತೆಂದು ತಿಳಿದು ಮುಂದೆ ಸ್ವರಗಳನ್ನು ಕಿತ್ತು ಎಸ್‌ಕ್ಯೂಎಲ್ ಮಾಡಿದರು. ಬಾಯ್ಸ್ ಅದನ್ನು ನೋಡಲಿಲ್ಲ. ಪ್ರಬಂಧ ಮಂಡಿಸಿದ ಮರುತಿಂಗಳೇ ಮಿದುಳಿನ ರಕ್ತನಾಳ ಒಡೆದು ತೀರಿಕೊಂಡರು, ಮೂವತ್ತೂ ತುಂಬಿರಲಿಲ್ಲ. ಡೇಟಾಬೇಸ್ ಪರೀಕ್ಷೆಗೆ ಕೂತ ಪ್ರತಿ ವಿದ್ಯಾರ್ಥಿಯೂ ಬಾಯ್ಸ್-ಕಾಡ್ ನಾರ್ಮಲ್ ಫಾರ್ಮ್ ಎಂದು ಬರೆಯುವಾಗ ಅವರ ಹೆಸರನ್ನೇ ಬರೆಯುತ್ತಾನೆ.

ಸ್ಯಾನ್ ಹೋಸೆಯ ತಂಡ ಕಟ್ಟಲು ಹೊರಟ ತಂತ್ರಾಂಶದ ಹೆಸರು ಸಿಸ್ಟಮ್ ಆರ್. 1974ರಿಂದ 1979ರವರೆಗೆ ನಡೆದ ಯೋಜನೆ. ಚುಕ್ಕಾಣಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿ, ಪೆಟ್ರೀಶಿಯಾ ಸೆಲಿಂಜರ್ ಮತ್ತು ಸಂಗಡಿಗರ ಕೈಯಲ್ಲಿ. ಅವರ 1979ರ ಪ್ರಬಂಧದ ಮುಂದೆ ಸ್ವಲ್ಪ ಹೊತ್ತು ಕೂರಬೇಕು.

ಬಳಕೆದಾರ ಹತ್ತು ಕೋಷ್ಟಕಗಳನ್ನು ಜೋಡಿಸಿ ಉತ್ತರ ಕೊಡು ಎಂದಿದ್ದಾನೆ ಎನ್ನಿ. ಯಾವುದನ್ನು ಮೊದಲು ಓದುವುದು? ಹತ್ತನ್ನು ಸಾಲಾಗಿ ನಿಲ್ಲಿಸುವ ಕ್ರಮಗಳು 36,28,800. ಉತ್ತರ ಎಲ್ಲದರಲ್ಲೂ ಒಂದೇ. ತಗಲುವ ಹೊತ್ತು ಮಾತ್ರ ಒಂದರಲ್ಲಿ ಕಾಫಿ ಕುಡಿಯುವಷ್ಟು, ಇನ್ನೊಂದರಲ್ಲಿ ಕಾಫಿ ಬೆಳೆದು ಕುಡಿಯುವಷ್ಟು. ಎಲ್ಲವನ್ನೂ ತೂಗಿ ನೋಡಲು ಕೂತರೆ ಪ್ರಶ್ನೆಗಿಂತ ಯೋಚನೆಯೇ ದುಬಾರಿ. ಸೆಲಿಂಜರ್ ತಂಡ ಗಮನಿಸಿದ್ದು ಇಷ್ಟು: ಮೊದಲ ಮೂರು ಕೋಷ್ಟಕಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೂ ಸಿಗುವ ಸಾಲುಗಳು ಅವೇ. ಹಾಗಾದರೆ ಆ ಮೂರರ ಗುಂಪಿಗೆ ಅತಿ ಅಗ್ಗದ ದಾರಿಯೊಂದನ್ನು ನೆನಪಿಟ್ಟು ಉಳಿದದ್ದನ್ನು ಮರೆತುಬಿಡಬಹುದು. ಗುಂಪುಗಳ ಸಂಖ್ಯೆ ಬರೀ 1,024. ಒಂದೇ ಒಂದು ವಿನಾಯಿತಿ ಕೊಟ್ಟರು. ದಾರಿ ಸ್ವಲ್ಪ ದುಬಾರಿಯಾದರೂ ಸಾಲುಗಳನ್ನು ಮುಂದಿನ ಹೆಜ್ಜೆಗೆ ಬೇಕಾದ ಅನುಕ್ರಮದಲ್ಲಿ ತಂದುಕೊಡುವುದಾದರೆ ಅದನ್ನೂ ಉಳಿಸಿಕೊಳ್ಳುವುದು. ಇಂದು ಬಳಕೆಯಲ್ಲಿರುವ ಹೆಚ್ಚಿನ ಡೇಟಾಬೇಸ್‌ಗಳ ಆಪ್ಟಿಮೈಸರ್ (ದಾರಿ ಆರಿಸುವ ಭಾಗ) ಈ ಯೋಚನೆಯ ಮೊಮ್ಮಗನೇ.

ಬೆಲೆ ಕಟ್ಟಬೇಕಾದರೆ ಎಷ್ಟು ಸಾಲು ಬರಬಹುದೆಂಬ ಅಂದಾಜು ಬೇಕು. ಇಲ್ಲಿ ಪ್ರಬಂಧದ ಪ್ರಾಮಾಣಿಕತೆ ನನಗೆ ಬಹಳ ಹಿಡಿಸುತ್ತದೆ. ಅಂಕಿಅಂಶ ಇದ್ದರೆ ಅದರಿಂದ ಲೆಕ್ಕ ಹಾಕುತ್ತಾರೆ. ಇಲ್ಲದಿದ್ದರೆ? ಇದಕ್ಕೆ ಸಮ ಎಂಬ ಶರತ್ತಾದರೆ ಹತ್ತರಲ್ಲೊಂದು ಪಾಲು, ಇದಕ್ಕಿಂತ ಹೆಚ್ಚು ಎಂದಾದರೆ ಮೂರರಲ್ಲೊಂದು, ಇವೆರಡರ ನಡುವೆ ಎಂದಾದರೆ ನಾಲ್ಕರಲ್ಲೊಂದು. ಮೂರರಲ್ಲೊಂದಕ್ಕೆ ವಿಶೇಷ ಕಾರಣವೇನೂ ಇಲ್ಲವೆಂದು ಅವರೇ ಬರೆದಿದ್ದಾರೆ. ಸಂತೆಯಲ್ಲಿ ಕುಂಬಳಕಾಯಿ ಎತ್ತಿ ನೋಡಿ ತೂಕ ಹೇಳುವ ಅಜ್ಜಿಯ ವರಸೆ ಇದು. ಅಜ್ಜಿ ಬಹಳ ಸಲ ಸರಿಯಾಗಿರುತ್ತಾಳೆ.

ಒಮ್ಮೆ ಇದೇ ಆಪ್ಟಿಮೈಸರ್ ಇಡೀ ತಂಡವನ್ನು ತಬ್ಬಿಬ್ಬು ಮಾಡಿತು. 25,000 ಡಾಲರಿಗಿಂತ ಕಡಿಮೆ ಸಂಬಳದ ನೌಕರರಿಗೆಲ್ಲ ಶೇ. 10ರಷ್ಟು ಏರಿಸು ಎಂದು ಆಜ್ಞೆ ಕೊಟ್ಟರು. ಯಂತ್ರ ತಕರಾರಿಲ್ಲದೆ ಮುಗಿಸಿತು. ತೆಗೆದು ನೋಡಿದರೆ ಎಲ್ಲರ ಸಂಬಳವೂ 25,000 ಮುಟ್ಟಿಬಿಟ್ಟಿದೆ! ಆಗಿದ್ದಿಷ್ಟು. ಯಂತ್ರ ಸಂಬಳದ ಇಂಡೆಕ್ಸ್ ಹಿಡಿದು ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತು. ಒಬ್ಬನ ಸಂಬಳ ಏರಿಸಿದ ಕೂಡಲೇ ಅವನು ಇಂಡೆಕ್ಸ್‌ನಲ್ಲಿ ಮುಂದಕ್ಕೆ ಸರಿದು ನಿಲ್ಲುತ್ತಿದ್ದ. ಯಂತ್ರ ಅಲ್ಲಿಗೆ ಬಂದಾಗ ಅವನು ಮತ್ತೆ ಸಿಗುತ್ತಿದ್ದ, ಮತ್ತೆ ಏರಿಕೆ. ಪಂಕ್ತಿಯಲ್ಲಿ ಉಂಡೆದ್ದವನು ಹೋಗಿ ತುದಿಯಲ್ಲಿ ಇನ್ನೊಂದು ಎಲೆಗೆ ಕೂತ ಹಾಗೆ. ಅದು ಗೊತ್ತಾದ ದಿನ ಅಮೆರಿಕನ್ನರ ಹ್ಯಾಲೋವೀನ್ ಹಬ್ಬ. ಅದಕ್ಕೇ ಹ್ಯಾಲೋವೀನ್ ಸಮಸ್ಯೆ ಎಂಬ ಹೆಸರು. ದೆವ್ವಭೂತಗಳಿಗೂ ಇದಕ್ಕೂ ಸಂಬಂಧವಿಲ್ಲ.

ದೆವ್ವ ಬೇರೆ ಕಡೆ ಇತ್ತು. ಜಿಮ್ ಗ್ರೇ, ಕಪಾಲಿ ಈಶ್ವರನ್, ರೇಮಂಡ್ ಲೋರಿ, ಇರ್ವಿಂಗ್ ಟ್ರೈಗರ್ 1976ರಲ್ಲಿ ಬರೆದ ಪ್ರಬಂಧ ಬೀಗಗಳ ಬಗ್ಗೆ. ನೂರಾರು ಜನ ಒಟ್ಟಿಗೆ ಒಂದೇ ದತ್ತಾಂಶದ ಮೇಲೆ ಕೈಯಾಡಿಸುವಾಗ ಪ್ರತಿಯೊಬ್ಬರಿಗೂ ತಾನೊಬ್ಬನೇ ಇದ್ದೇನೆ ಎನಿಸಬೇಕು. ಅದಕ್ಕೆ ಅವರು ಕೊಟ್ಟ ನಿಯಮ ಸರಳ: ಬೇಕಾದ ಬೀಗಗಳನ್ನೆಲ್ಲ ಹಾಕುತ್ತಾ ಹೋಗು, ಒಮ್ಮೆ ಒಂದನ್ನು ತೆಗೆದೆಯೋ ಆಮೇಲೆ ಹೊಸ ಬೀಗ ಹಾಕುವಂತಿಲ್ಲ. ಇಷ್ಟು ಪಾಲಿಸಿದರೆ ಎಲ್ಲರೂ ಒಬ್ಬರಾದ ಮೇಲೊಬ್ಬರು ಬಂದುಹೋದಂತೆಯೇ ಫಲ. ಆದರೆ ಒಂದು ತೊಡಕು. ಒಂದು ವಿಭಾಗದ ಎಲ್ಲ ಸಾಲುಗಳಿಗೂ ಬೀಗ ಹಾಕಿ ನೀವು ಮೊತ್ತ ಕೂಡುತ್ತಿರುವಾಗ ಇನ್ನೊಬ್ಬ ಅದೇ ವಿಭಾಗಕ್ಕೆ ಹೊಸ ಸಾಲೊಂದನ್ನು ಸೇರಿಸುತ್ತಾನೆ. ಇಲ್ಲದ ಸಾಲಿಗೆ ಬೀಗ ಹಾಕುವುದೆಂತು? ಅದಕ್ಕೆ ಅವರು ಇಟ್ಟ ಹೆಸರು ಫ್ಯಾಂಟಮ್, ಅಂದರೆ ಭೂತ. ಸಾಲಿಗಲ್ಲ, ಶರತ್ತಿಗೇ ಬೀಗ ಹಾಕಬೇಕೆಂಬುದು ಅವರ ಪರಿಹಾರ. ಕಾಗದದ ಮೇಲೆ ಚೊಕ್ಕ, ಓಡಿಸಿದರೆ ಭಾರ. ಆದ್ದರಿಂದ ರಾಜಿಗಳೂ ಹುಟ್ಟಿದವು. ಪೂರ್ತಿ ಭದ್ರತೆ ಬೇಡ, ಅರ್ಧ ಸಾಕು, ವೇಗ ಕೊಡಿ ಎನ್ನುವವರಿಗಾಗಿ ದರ್ಜೆಗಳು.

ರಾಜಿಯ ಬೆಲೆ ಎಷ್ಟೆಂದು ಜಗತ್ತಿಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು. ಎಸ್‌ಕ್ಯೂಎಲ್‌ನ ಅಧಿಕೃತ ಮಾನದಂಡದಲ್ಲಿದ್ದ ದರ್ಜೆಗಳ ವ್ಯಾಖ್ಯೆಯೇ ಸಡಿಲ ಎಂದು 1995ರಲ್ಲಿ ಗ್ರೇ ಮತ್ತಿತರರು ತೋರಿಸಿಕೊಟ್ಟರು. ತರಗತಿಗಳಲ್ಲಿ ಹೇಳುವ ಉದಾಹರಣೆ ಆಸ್ಪತ್ರೆಯದು. ರಾತ್ರಿ ಪಾಳಿಗೆ ಇಬ್ಬರು ವೈದ್ಯರು. ಒಬ್ಬರಾದರೂ ಇರಲೇಬೇಕೆಂಬ ನಿಯಮ. ಇಬ್ಬರೂ ಒಂದೇ ಗಳಿಗೆಯಲ್ಲಿ ರಜೆ ಹಾಕಲು ಕೂರುತ್ತಾರೆ. ಇಬ್ಬರ ತೆರೆಯ ಮೇಲೂ ಇನ್ನೊಬ್ಬರು ಇದ್ದಾರೆಂದೇ ಕಾಣುತ್ತದೆ. ಇಬ್ಬರ ರಜೆಯೂ ಮಂಜೂರು. ಪ್ರತಿಯೊಬ್ಬರಿಗೂ ದತ್ತಾಂಶದ ಒಂದು ಹೊತ್ತಿನ ಪಡಿಯಚ್ಚು ತೋರಿಸಿ ಕೆಲಸ ಮಾಡಿಸುವ ವ್ಯವಸ್ಥೆಗಳಲ್ಲಿ ಈ ಬಿರುಕು ಇದ್ದೇ ಇತ್ತು. ವೇಗಕ್ಕೆ ಹೆಚ್ಚು ಧಕ್ಕೆಯಾಗದಂತೆ ಅದನ್ನು ಮುಚ್ಚುವ ಉಪಾಯ 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಿಂದ ಬಂತು, 2011ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಸೇರಿತು. ಭೂತದ ಪ್ರಬಂಧ ಬಂದು ಆಗಲೇ ಮೂವತ್ತೈದು ವರ್ಷ.

ಗ್ರೇ ಅಷ್ಟು ಹೊತ್ತಿಗೆ ಇರಲಿಲ್ಲ. 2007ರ ಜನವರಿ 28ರಂದು ತಾಯಿಯ ಚಿತಾಭಸ್ಮವನ್ನು ಕಡಲಿಗೆ ಬಿಡಲು ಸ್ಯಾನ್ ಫ್ರಾನ್ಸಿಸ್ಕೊದಿಂದ ಹಾಯಿದೋಣಿಯಲ್ಲಿ ಒಬ್ಬರೇ ಹೊರಟವರು ಹಿಂದಿರುಗಲಿಲ್ಲ. ಕರಾವಳಿ ಪಡೆ ಹುಡುಕಿತು. ಸಹೋದ್ಯೋಗಿಗಳು ಉಪಗ್ರಹ ಚಿತ್ರಗಳನ್ನು ತುಂಡು ಮಾಡಿ ಸಾವಿರಾರು ಸ್ವಯಂಸೇವಕರಿಗೆ ಹಂಚಿ ಅಂತರ್ಜಾಲದಲ್ಲಿ ಹುಡುಕಿಸಿದರು. ದೋಣಿಯೂ ಸಿಗಲಿಲ್ಲ.

ಉಳಿದದ್ದು ಕರೆಂಟಿನ ಪ್ರಶ್ನೆ. ಒಂದು ಖಾತೆಯಿಂದ ಹಣ ತೆಗೆದು ಇನ್ನೊಂದಕ್ಕೆ ಹಾಕುವ ನಡುವೆ ಯಂತ್ರ ನಿಂತುಹೋದರೆ? ನಮ್ಮ ಹಳೆಯ ಅಂಗಡಿಕಾರರಿಗೆ ಈ ಪಾಠ ಹೊಸದಲ್ಲ. ಮೊದಲು ರೋಜು ಕಿರ್ದಿಯಲ್ಲಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುವುದು, ಆಮೇಲೆ ಪುರುಸೊತ್ತಿನಲ್ಲಿ ಖಾತೆಗೆ ಏರಿಸುವುದು. ಖಾತೆ ಪುಸ್ತಕ ಮಳೆಗೆ ನೆನೆದರೂ ಕಿರ್ದಿ ಇದ್ದರೆ ಬದುಕಬಹುದು. ಡೇಟಾಬೇಸಿನ ಲಾಗ್ ಎಂದರೆ ಕಿರ್ದಿಯೇ. ಸಿಸ್ಟಮ್ ಆರ್ ತಂಡ ಕಿರ್ದಿಯ ಜೊತೆಗೆ ಪುಟಗಳ ನೆರಳು ಪ್ರತಿ ಇಟ್ಟುಕೊಳ್ಳುವ ಇನ್ನೊಂದು ಉಪಾಯವನ್ನೂ ಬಳಸಿತ್ತು. ನೆರಳಿಲ್ಲದೆ ಕಿರ್ದಿಯೊಂದನ್ನೇ ನೆಚ್ಚುವ ದಾರಿ ಇಡದಿದ್ದುದಕ್ಕೆ ವಿಷಾದವಿದೆ ಎಂದು ಮುಂದೆ ತಾವೇ ಬರೆದರು.

ಆ ವಿಷಾದ ಕಳೆದವರು ಸಿ. ಮೋಹನ್. ಮದ್ರಾಸಿನ ಐಐಟಿಯಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಓದಿ, ಟೆಕ್ಸಸ್‌ನಲ್ಲಿ ಡಾಕ್ಟರೇಟ್ ಮುಗಿಸಿ 1981ರಲ್ಲಿ ಐಬಿಎಂ ಸೇರಿದವರು. ಅವರೂ ನಾಲ್ವರು ಸಹೋದ್ಯೋಗಿಗಳೂ 1992ರಲ್ಲಿ ಪ್ರಕಟಿಸಿದ ಏರೀಸ್ ಪ್ರಬಂಧ 69 ಪುಟ. ವಿದ್ಯಾರ್ಥಿಗಳು ನಡುಗುವ 69 ಪುಟ. ಅದರ ಕೇಂದ್ರದ ಮಾತು ಮೊದಲ ಓದಿಗೆ ತಪ್ಪೆನಿಸುತ್ತದೆ. ಯಂತ್ರ ಮತ್ತೆ ಎದ್ದಾಗ ಮುಗಿದ ವಹಿವಾಟನ್ನು ಮಾತ್ರ ಮರುಸ್ಥಾಪಿಸಬೇಡ. ಅರ್ಧಕ್ಕೆ ನಿಂತವನ್ನೂ ಸೇರಿಸಿ, ಬಿದ್ದ ಗಳಿಗೆಯವರೆಗೆ ನಡೆದದ್ದೆಲ್ಲವನ್ನೂ ಇದ್ದ ಹಾಗೇ ಮತ್ತೆ ನಡೆಸು. ಆಮೇಲೆ ಅರೆಬರೆಯವನ್ನು ಹಿಂದಕ್ಕೆ ತೆಗೆ. ತೆಗೆಯುವಾಗಲೂ, ಇದನ್ನು ತೆಗೆದೆ ಎಂದು ಕಿರ್ದಿಯಲ್ಲಿ ಬರೆ. ಏಕೆಂದರೆ ರಿಪೇರಿಯ ನಡುವೆ ಯಂತ್ರ ಮತ್ತೆ ಬೀಳಬಹುದು; ಆಗ ತೆಗೆದದ್ದನ್ನೇ ಪುನಃ ತೆಗೆಯಲು ಹೋಗಬಾರದು. ಅಪಘಾತದಲ್ಲೂ ಅಪಘಾತವಾಗುತ್ತದೆಂದು ಲೆಕ್ಕ ಹಿಡಿದವರ ಬರವಣಿಗೆ ಅದು.

ವ್ಯಾಪಾರದ ಕಥೆ ಎಲ್ಲರಿಗೂ ಗೊತ್ತಿರುವುದೇ. ಐಎಂಎಸ್‌ನಿಂದ ದುಡ್ಡು ಹರಿಯುತ್ತಿದ್ದಾಗ ಐಬಿಎಂಗೆ ಅವಸರವಿರಲಿಲ್ಲ. ಅದು ಪ್ರಕಟಿಸಿದ ಪ್ರಬಂಧಗಳನ್ನು ಓದಿಕೊಂಡ ಲ್ಯಾರಿ ಎಲಿಸನ್ ಮತ್ತು ಸಂಗಡಿಗರು 1977ರಲ್ಲಿ ಕಂಪನಿ ಕಟ್ಟಿ 1979ರಲ್ಲೇ ಓರಕಲ್ ಮಾರಿದರು. ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜಿನ್ ವಾಂಗ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಇಂಗ್ರೆಸ್ ಬರೆದರು. ಐಬಿಎಂ ಡಿಬಿ2 ತಂದದ್ದು 1983ರಲ್ಲಿ. ಅದೇ ವರ್ಷ ವಿಸ್ಕಾನ್ಸಿನ್‌ನ ಡೇವಿಡ್ ಡೆವಿಟ್ ಮತ್ತು ಸಹೋದ್ಯೋಗಿಗಳು ಓರಕಲ್, ಇಂಗ್ರೆಸ್ ಮೊದಲಾದವುಗಳ ವೇಗ ಅಳೆದು ಹೆಸರು ಸಮೇತ ಅಚ್ಚು ಹಾಕಿಸಿದರು. ಓರಕಲ್‌ನ ಅಂಕಿಗಳು ಚೆನ್ನಾಗಿರಲಿಲ್ಲ. ಅಂದಿನಿಂದ ಡೇಟಾಬೇಸ್ ಕಂಪನಿಗಳ ಲೈಸೆನ್ಸ್ ಪತ್ರಗಳಲ್ಲಿ, ನಮ್ಮ ಅನುಮತಿಯಿಲ್ಲದೆ ವೇಗ ಅಳೆದು ಪ್ರಕಟಿಸಕೂಡದು ಎಂಬ ಷರತ್ತು ಸೇರಿಕೊಂಡಿತು. ಅದನ್ನು ಡೆವಿಟ್ ಕಲಂ ಎಂದೇ ಕರೆಯುತ್ತಾರೆ.

ಆ ಕಲಮಿನ ನೆರಳು ಬೆಂಗಳೂರಿಗೂ ಬಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಡೇಟಾಬೇಸ್ ಪ್ರಯೋಗಾಲಯದಲ್ಲಿ ಪ್ರೊ. ಜಯಂತ್ ಹಾರಿತ್ಸ ಮತ್ತು ಅವರ ವಿದ್ಯಾರ್ಥಿ ಒಂದು ಚೇಷ್ಟೆಯ ಪ್ರಯೋಗ ಮಾಡಿದರು. ಒಂದೇ ಪ್ರಶ್ನೆಯ ಎರಡು ಶರತ್ತುಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ, ಪ್ರತಿ ಬಾರಿಯೂ ಆಪ್ಟಿಮೈಸರನ್ನು ಈಗ ಯಾವ ದಾರಿ ಹಿಡಿಯುತ್ತೀಯ ಎಂದು ಕೇಳುವುದು. ದಾರಿಗೊಂದು ಬಣ್ಣ ಕೊಟ್ಟು ಚೌಕದಲ್ಲಿ ಚುಕ್ಕಿ ಇಡುತ್ತಾ ಹೋಗುವುದು. ಹೊಲದ ನಕ್ಷೆಯಂತೆ ನಾಲ್ಕಾರು ನೀಟಾದ ಪಟ್ಟಿಗಳು ಸಿಕ್ಕಾವೆಂದು ಯಾರಾದರೂ ಎಣಿಸುವಂಥದ್ದೇ. ಬಂದದ್ದು ಹತ್ತಾರು ಬಣ್ಣಗಳ ಚೂರುಪಾರು, ಗಡಿ ದಾಟಿ ನುಗ್ಗಿದ ಎಳೆಗಳು, ನಡುಗಡ್ಡೆಗಳು, ಒಂದರೊಳಗೊಂದು ಸಿಕ್ಕಿಕೊಂಡ ತುಂಡುಗಳು. ಕ್ಯೂಬಿಸ್ಟ್ ವರ್ಣಚಿತ್ರಗಳ ಹಾಗಿದ್ದ ಆ ನಕ್ಷೆ ಬಿಡಿಸುವ ಉಪಕರಣಕ್ಕೆ ಪಿಕಾಸೊ ಎಂದು ಹೆಸರಿಟ್ಟರು. 2005ರ ಪ್ರಬಂಧದಲ್ಲಿ ಚಿತ್ರಗಳೆಲ್ಲ ಇವೆ; ಯಾವ ಚಿತ್ರ ಯಾವ ಕಂಪನಿಯದು ಎಂಬುದು ಮಾತ್ರ ಇಲ್ಲ. ಆಪ್ಟ್-ಎ, ಆಪ್ಟ್-ಬಿ, ಆಪ್ಟ್-ಸಿ ಎಂದಷ್ಟೇ.

ಎರಡು ವರ್ಷ ಬಿಟ್ಟು ಅದೇ ಪ್ರಯೋಗಾಲಯದವರು ಇನ್ನೊಂದು ಪ್ರಶ್ನೆ ಕೇಳಿದರು. ವೆಚ್ಚ ಶೇ. 20ರವರೆಗೆ ಹೆಚ್ಚಾದರೂ ಪರವಾಗಿಲ್ಲ ಎಂದು ಯಂತ್ರಕ್ಕೆ ಸಲುಗೆ ಕೊಟ್ಟರೆ ಈ ಬಣ್ಣಗಳಲ್ಲಿ ಎಷ್ಟನ್ನು ಅಳಿಸಬಹುದು? ಒಂದೊಂದಾಗಿ ಅಳಿಸುತ್ತಾ ಬಂದರು. ಕೊನೆಗೆ ಚೌಕದಲ್ಲಿ ಉಳಿದ ಬಣ್ಣಗಳು ಸುಮಾರು ಹತ್ತು.